ಕೊನೆಯ ಕೋಣೆಗೆ ಒಯ್ದ ನೀರು

“ಸರ್, ಔಷಧವೇ ಇಲ್ಲದ ರೋಗಿಯ ಮುಂದೆ ನಿಂತು ನಾವು ಕಲಿಯುವುದಾದರೂ ಏನನ್ನು?”

ಹೀಗೆ ಕೇಳಿದವನು ಇಂದುಧರ. ವೈದ್ಯಕೀಯ ಕಾಲೇಜಿನ ಮೂರನೆಯ ವರ್ಷದವನು. ಸಾಂಕ್ರಾಮಿಕ ರೋಗಗಳ ವಾರ್ಡಿಗೆ ಕಲಿಯಲು ಬಂದು ಒಂಬತ್ತು ದಿನವಾಗಿತ್ತು. ಅಂದು ಬೆಳಿಗ್ಗೆ ವಾರ್ಡಿನ ಕೊನೆಯ ಕೋಣೆಗೆ ರೇಬೀಸ್ ಆದ ರೋಗಿಯೊಬ್ಬನನ್ನು ತಂದು ಮಲಗಿಸಿದ್ದರು. ಹುಚ್ಚುನಾಯಿ ಕಚ್ಚಿ, ರೋಗ ಒಮ್ಮೆ ತಲೆಗೆ ಏರಿದ ಮೇಲೆ ಬದುಕುವ ಮಾತಿಲ್ಲ ಎಂದು ಇಂದುಧರ ಪುಸ್ತಕದಲ್ಲಿ ಓದಿದ್ದ. ಓದುವಾಗ ಅದು ಒಂದು ಸಾಲು. ಈಗ ಆ ಮನುಷ್ಯನನ್ನು ಕಣ್ಣಾರೆ ಕಂಡು ಬಂದಿದ್ದ. ಮಧ್ಯಾಹ್ನ ಊಟ ಸೇರಲಿಲ್ಲ, ನೇರವಾಗಿ ಗುರುಗಳ ಕೋಣೆಗೆ ಬಂದ.

ಗುರುಗಳು ಡಾಕ್ಟರ್ ಕರಿಬಸಯ್ಯ. ಆ ವಾರ್ಡಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು. ಮಾತು ಸ್ವಲ್ಪ ಖಾರ. ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು.

“ಉತ್ತರ ಗೊತ್ತಿದ್ದರೆ ಎಂದೋ ಬರೆದು ವಾರ್ಡಿನ ಗೋಡೆಗೆ ಅಂಟಿಸುತ್ತಿದ್ದೆ. ನನಗೆ ಗೊತ್ತಿರುವುದು ಒಂದು ಕತೆ. ಕೂತುಕೋ,” ಎಂದು ಹೇಳತೊಡಗಿದರು.

ಒಂದು ಊರಲ್ಲಿ ಒಂದು ದೊಡ್ಡ ಆಸ್ಪತ್ರೆ. ಅಲ್ಲಿ ಒಬ್ಬ ವಿದ್ಯಾರ್ಥಿ. ಬುದ್ಧಿವಂತ. ಹಾಗೆಂದು ಉಳಿದವರು ಹೇಳುತ್ತಿದ್ದರು, ಅವರು ಹೇಳುವ ಮೊದಲೇ ಅವನಿಗೂ ಗೊತ್ತಿತ್ತು. ಜ್ವರ ಎಂದು ಬಾಯಿ ತೆರೆದರೆ ಸಾಕು, ಜ್ವರ ಬರಿಸುವ ಮೂವತ್ತು ಕಾಯಿಲೆಗಳನ್ನು ಪಟಪಟನೆ ಒಪ್ಪಿಸುತ್ತಿದ್ದ. ರೋಗಿಯನ್ನು ಏನೇನು ಕೇಳಬೇಕು ಎಂಬ ಪಟ್ಟಿ ಅವನಿಗೆ ಬಾಯಿಪಾಠ. ಹೆಸರು, ವಯಸ್ಸು, ಕಸುಬು, ಏನು ತೊಂದರೆ, ಎಷ್ಟು ದಿನದಿಂದ, ಹಿಂದೆ ಏನಾದರೂ ಕಾಯಿಲೆ ಇತ್ತೇ, ಮನೆಯವರಿಗೆ ಏನಾದರೂ ಕಾಯಿಲೆ ಇದೆಯೇ. ಬೇರೆ ಹುಡುಗರು ಅರ್ಧ ಕೇಳಿ ಉಳಿದದ್ದನ್ನು ತಾವೇ ತುಂಬಿಸಿಕೊಳ್ಳುತ್ತಿದ್ದರು. ಇವನು ಹಾಗಲ್ಲ, ಪಟ್ಟಿಯಲ್ಲಿ ಇದ್ದದ್ದನ್ನು ಒಂದೂ ಬಿಡುತ್ತಿರಲಿಲ್ಲ.

ಅವನಿಗೆ ಒಂದೇ ಒಂದು ಆಸೆ. ಹಿರಿಯರ ಕಣ್ಣು ತಪ್ಪಿಸಿಕೊಂಡ ರೋಗವೊಂದನ್ನು ತಾನು ಮೊದಲು ಹಿಡಿಯಬೇಕು, ಎಲ್ಲರ ಎದುರಿಗೆ ಅದರ ಹೆಸರು ಹೇಳಬೇಕು. ನಗಬೇಡ, ಈ ಆಸೆ ನಿನಗೂ ಇದೆ. ಇಲ್ಲದಿದ್ದರೆ ನೀನು ಒಂಬತ್ತು ದಿನವೂ ಎಲ್ಲರಿಗಿಂತ ಮುಂಚೆ ವಾರ್ಡಿಗೆ ಬರುತ್ತಿರಲಿಲ್ಲ.

ಒಂದು ದಿನ ಆ ಆಸ್ಪತ್ರೆಗೆ ಕಲಾಯಿ ಹಾಕುವವನೊಬ್ಬ ಬಂದ. ಊರೂರು ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವನ ಕಸುಬು. ಜೊತೆಗೆ ಹೆಂಡತಿ. ಅವಳು ತಿದಿ ಒತ್ತಿ ಕೆಂಡ ಮಾಡಿದರೆ ಅವನು ಕಾದ ಪಾತ್ರೆಗೆ ತವರ ಬಳಿಯುವವನು. ಇಬ್ಬರೇ, ಮಕ್ಕಳಿಲ್ಲ. ಬಲಗೈ ಜುಮುಜುಮು ಅನ್ನುತ್ತದೆ, ಜ್ವರ ಬರುತ್ತದೆ, ಗಂಟಲು ಕಟ್ಟಿದೆ, ಎರಡು ದಿನದಿಂದ ಒಂದು ಗುಟುಕೂ ಇಳಿಯುತ್ತಿಲ್ಲ ಎಂದು ಹೇಳಿಕೊಂಡ. ಹೊರಗೆ ಕೂತಿದ್ದ ಡಾಕ್ಟರು ಬಾಯಿ ತೆಗೆಸಿ ನೋಡಿ, ಗಂಟಲಿನ ಸೋಂಕು ಎಂದು ಚೀಟಿ ಬರೆದು ವಾರ್ಡಿಗೆ ಕಳಿಸಿದರು. ಆ ಹೊತ್ತಿಗೆ ಅವರ ಮುಂದೆ ಇನ್ನೂ ಎಂಬತ್ತು ಜನ ನಿಂತಿದ್ದರು.

ಈಗಲೇ ನಿನಗೊಂದು ವಿಷಯ ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ, ನಿನಗಾದರೂ ಗೊತ್ತಿರಲಿ. ಆರು ವಾರದ ಹಿಂದೆ ಗಂಡಹೆಂಡತಿ ಒಂದು ಊರಾಚೆ ಬಿಡಾರ ಹೂಡಿದ್ದಾಗ ಒಂದು ನಾಯಿಮರಿ ಅವರಿಗೆ ಅಂಟಿಕೊಂಡಿತ್ತು. ರೊಟ್ಟಿ ಹಾಕಿದರು. ನಾಲ್ಕು ದಿನ ಚೆನ್ನಾಗಿಯೇ ಇತ್ತು. ಐದನೆಯ ದಿನ ಸುಮ್ಮಸುಮ್ಮನೆ ಅವನ ಬಲಗೈ ಬೆರಳು ಕಚ್ಚಿತು, ಬಿಡಿಸಲು ಹೋದ ಅವಳ ಪಾದಕ್ಕೂ ಬಾಯಿ ಹಾಕಿತು. ಮರುದಿನ ಸತ್ತುಬಿದ್ದಿತ್ತು. ಇಬ್ಬರೂ ಗಾಯಕ್ಕೆ ಅರಿಸಿನ ಮೆತ್ತಿಕೊಂಡು ಮುಂದಿನ ಊರಿಗೆ ಹೊರಟರು. ಗಾಯ ಮಾಯಿತು, ಮರಿಯನ್ನು ಮರೆತರು.

ಗಂಡನಿಗೆ ರೋಗ ಕಾಣಿಸಿಕೊಂಡಿತ್ತು, ಅವನ ಕತೆ ಮುಗಿದಿತ್ತು. ಹೆಂಡತಿಗೆ ಇನ್ನೂ ಕಾಣಿಸಿಕೊಂಡಿರಲಿಲ್ಲ. ಆ ದಿನ ಚುಚ್ಚುಮದ್ದು ಶುರುಮಾಡಿದ್ದರೆ ಅವಳನ್ನು ಉಳಿಸಿಕೊಳ್ಳಲು ಇನ್ನೂ ಹೊತ್ತಿತ್ತು. ಆ ಮದ್ದು ಅದೇ ಕಟ್ಟಡದಲ್ಲಿ, ಮೆಟ್ಟಿಲಿಳಿದು ಎಡಕ್ಕೆ ತಿರುಗಿದರೆ ಸಿಗುವ ಕೋಣೆಯಲ್ಲಿ, ಬಂದವರಿಗೆಲ್ಲ ಕೊಡುತ್ತಿದ್ದರು. ಯಾರಾದರೂ ಒಬ್ಬರು ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕಿತ್ತು. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳು.

ವಾರ್ಡಿಗೆ ಬಂದ ಆ ರೋಗಿ ನಮ್ಮ ವಿದ್ಯಾರ್ಥಿಯ ಪಾಲಿಗೆ ಬಂದ. ಗಂಟಲಿನ ಸೋಂಕು ಎಂಬ ಚೀಟಿ ನೋಡಿ ಅವನಿಗೆ ಬೇಸರವೇ ಆಯಿತು. ಆದರೂ ಸ್ಟೂಲು ಎಳೆದುಕೊಂಡು ಕೂತು ಪಟ್ಟಿಯಂತೆ ಕೇಳತೊಡಗಿದ. ಹೆಸರಾಯಿತು, ವಯಸ್ಸಾಯಿತು, ಕಸುಬಾಯಿತು. ಅಷ್ಟರಲ್ಲಿ ಯಾರೋ ಫ್ಯಾನು ಹಾಕಿದರು. ಗಾಳಿ ಮುಖಕ್ಕೆ ತಾಕಿದ್ದೇ ತಡ, ರೋಗಿಯ ಕತ್ತು ಸೆಟೆದುಕೊಂಡಿತು. ಅವನು ಕಂಬಳಿ ಎಳೆದು ಮುಖ ಮುಚ್ಚಿಕೊಂಡ.

ಗಾಳಿ ತಾಕಿದರೂ ಹೀಗೆ ಬಿಗಿಯುವ ರೋಗ ಯಾವುದು ಎಂದು ವಿದ್ಯಾರ್ಥಿ ಓದಿದ್ದ.

“ಯಜಮಾನರೇ, ನಿಮಗೆ ಯಾವಾಗಲಾದರೂ ನಾಯಿ ಕಚ್ಚಿತ್ತಾ?”

ರೋಗಿ ಕಂಬಳಿ ಸರಿಸಿ ನಕ್ಕ. “ನಾಯಿ ಅಂದರೆ ಅಂಥ ನಾಯಿ ಏನಲ್ಲಪ್ಪ, ಮರಿ. ಅಂಗೈಯಷ್ಟಿತ್ತು. ಪಾಪ, ನಾವೇ ಸಾಕಿದ್ದು. ಅದಕ್ಕೆ ಏನಾಯಿತೋ ಏನೋ, ಒಂದು ದಿನ...”

ವಿದ್ಯಾರ್ಥಿ ಆಗಲೇ ಎದ್ದು ನಿಂತಿದ್ದ. ಮರಿಯ ಕತೆ ಯಾರಿಗೆ ಬೇಕು? ಕಚ್ಚಿತ್ತು ಎಂಬುದು ಸಿಕ್ಕಿತ್ತು, ಅಷ್ಟು ಸಾಕಿತ್ತು. ಪುಸ್ತಕದಲ್ಲಿ ಮುಂದಿನ ಹೆಜ್ಜೆ ನೀರು. ಈ ರೋಗದವನಿಗೆ ನೀರು ಕಂಡರೆ ಗಂಟಲು ಬಿಗಿಯುತ್ತದೆ, ಕುಡಿಯಲು ಆಸೆಯಿದ್ದರೂ ಕುಡಿಯಲಾಗುವುದಿಲ್ಲ. ಮಾತು ಕೇಳಿಸದಷ್ಟು ದೂರದಲ್ಲಿ, ವಾರ್ಡಿನ ಬಾಗಿಲಲ್ಲಿ ಹೆಂಡತಿ ಕೂತಿದ್ದಳು. “ಅಮ್ಮಾ, ಒಂದು ಲೋಟ ನೀರು ತನ್ನಿ,” ಅಂದ. ಅವಳು ಲಗುಬಗೆಯಿಂದ ಹೋಗಿ ತಂದಳು. ಗಂಡ ನೀರು ಕುಡಿಯದೆ ಎರಡು ದಿನವಾಗಿತ್ತು. ಈ ಹುಡುಗನಿಗೆ ಏನೋ ಉಪಾಯ ಗೊತ್ತಿದೆ ಎಂದುಕೊಂಡಳು.

ಲೋಟ ತುಟಿಯ ಹತ್ತಿರ ಹೋಯಿತು. ಆಮೇಲೆ ಆದದ್ದನ್ನು ನೀನು ಬೆಳಿಗ್ಗೆ ನೋಡಿದ್ದೀಯ, ನಾನು ಹೇಳುವುದಿಲ್ಲ.

ನಾಚಿಕೆಯ ಮಾತು, ಆದರೂ ಮುಚ್ಚಿಡಬಾರದು. ಅದನ್ನು ಕಂಡು ವಿದ್ಯಾರ್ಥಿಗೆ ಸಂತೋಷವಾಯಿತು. ರೋಗಿ ಉಸಿರಿಗೆ ಒದ್ದಾಡುತ್ತಿದ್ದಾಗ ಇವನಿಗೆ, ನಾನು ಹಿಡಿದೆ, ನಾನೇ ಮೊದಲು ಹಿಡಿದೆ ಅನ್ನಿಸಿತು. ಕೆಟ್ಟವನಾಗಿದ್ದ ಎಂದು ಹೇಳುತ್ತಿಲ್ಲ. ಕೆಟ್ಟವನಾಗಿದ್ದರೆ ಈ ಕತೆಯನ್ನು ಹೇಳುವ ಕಷ್ಟ ನನಗೆ ಇರುತ್ತಿರಲಿಲ್ಲ.

ರೋಗಿ ಸುಧಾರಿಸಿಕೊಂಡ ಮೇಲೆ ಅವನು ಮತ್ತೆ ಕೂತು ಉಳಿದ ಪ್ರಶ್ನೆಗಳನ್ನೂ ಕೇಳಿ ಮುಗಿಸಿದ. ಹೇಳಿದೆನಲ್ಲ, ಒಂದನ್ನೂ ಬಿಡುವವನಲ್ಲ. “ಮನೆಯವರಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ, ಕ್ಷಯ, ರಕ್ತದೊತ್ತಡ ಏನಾದರೂ ಇದೆಯಾ?” ಎಂದು ಕೇಳಿದ. “ಅಂಥದ್ದೇನಿಲ್ಲಪ್ಪ, ನಾವು ಗಟ್ಟಿ ಜನ,” ಅಂದ ರೋಗಿ. ಕೇಸ್ ಶೀಟಿನಲ್ಲಿ ಮನೆಯವರ ಕಾಯಿಲೆ ಎಂಬ ಸಾಲಿನ ಮುಂದೆ, ವಿಶೇಷವೇನಿಲ್ಲ, ಎಂದು ದುಂಡಗೆ ಬರೆದ. ಲೋಟ ಹಿಡಿದುಕೊಂಡು ಹೆಂಡತಿ ಅವನ ಪಕ್ಕದಲ್ಲೇ ನಿಂತಿದ್ದಳು.

ಹಿರಿಯ ಡಾಕ್ಟರು ಬಂದು ನೋಡಿ ಇವನ ಬೆನ್ನು ತಟ್ಟಿದರು. “ಹೊರಗಿನವರಿಗೆ ಕಾಣದ್ದು ನಿನಗೆ ಕಂಡಿತಲ್ಲ, ಭೇಷ್,” ಅಂದರು. ರೋಗಿಯನ್ನು ಕೊನೆಯ ಕೋಣೆಗೆ ಹಾಕಿಸಿದರು, ಬೆಳಕು ಕಣ್ಣಿಗೆ ಬೀಳದಂತೆ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿಸಿದರು. ಹೆಂಡತಿಯನ್ನು ಕರೆದು, ನರದ ಕಾಯಿಲೆ, ಜೋರಾಗಿದೆ, ದೇವರ ಮೇಲೆ ಭಾರ ಹಾಕಿ, ಎಂದಷ್ಟೇ ಹೇಳಿದರು. ನಾಯಿಯ ಹೆಸರೆತ್ತಿದರೆ ಗಂಡಹೆಂಡತಿ ಇಬ್ಬರೂ ಹೆದರಿ ಎದೆಯೊಡೆದುಕೊಳ್ಳುತ್ತಾರೆ ಎಂಬುದು ಅವರ ಕನಿಕರ. ಹಿರಿಯರ ಆ ಕನಿಕರವೂ ಅವಳ ದಾರಿಗೆ ಅಡ್ಡ ಬಂತು. ಮರಿ ಕಚ್ಚಿದ್ದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಅವಳಿಗೆ ತಿಳಿದಿದ್ದರೆ ಅವಳೇ ಬಾಯಿ ಬಿಡುತ್ತಿದ್ದಳು.

ಕೇಸ್ ಶೀಟಿನ ಕೆಳಗೆ ಹಿರಿಯರು ಸಹಿ ಹಾಕಿದರು. ವಿದ್ಯಾರ್ಥಿ ಎಲ್ಲವನ್ನೂ ಕೇಳಿದ್ದಾನೆ ಎಂದು ಹಿರಿಯರು ತಿಳಿದರು. ಹಿರಿಯರು ನೋಡಿಕೊಳ್ಳುತ್ತಾರೆ ಎಂದು ವಿದ್ಯಾರ್ಥಿ ತಿಳಿದ. ಸಿಸ್ಟರ್, ಇಬ್ಬರು ಡಾಕ್ಟರುಗಳು ನೋಡಿ ಆಯಿತಲ್ಲ ಎಂದುಕೊಂಡಳು.

ಕೊನೆಯ ಕೋಣೆಗೆ ಒಂದು ರೇಬೀಸ್ ಬಂದಿದೆಯಂತೆ ಎಂಬ ಸುದ್ದಿ ಕಾಲೇಜಿಗೆಲ್ಲ ಹಬ್ಬಿತು. ಒಬ್ಬ ಮನುಷ್ಯ ಬಂದಿದ್ದಾನೆ ಎಂದು ಯಾರೂ ಹೇಳಲಿಲ್ಲ, ಒಂದು ರೇಬೀಸ್ ಬಂದಿದೆ ಎಂದೇ ಹೇಳಿದರು. ನಾವು ಈಗಲೂ ಹಾಗೆಯೇ ಮಾತಾಡುತ್ತೇವೆ. ಮುಂದಿನ ತಿಂಗಳು ಪರೀಕ್ಷೆ. ಪುಸ್ತಕದಲ್ಲಿ ಮಾತ್ರ ಓದಿದ್ದನ್ನು ಕಣ್ಣಾರೆ ನೋಡುವ ಅವಕಾಶ. ಹುಡುಗರು ಹುಡುಗಿಯರು ನಾ ಮುಂದು ತಾ ಮುಂದು ಎಂದು ಬಂದರು. ಐದೈದು ಜನರ ಗುಂಪು. ಪ್ರತಿ ಗುಂಪಿನವರೂ ಬಾಗಿಲಲ್ಲಿ ಕೂತವಳಿಗೆ ಹೇಳುತ್ತಿದ್ದರು, “ಅಮ್ಮಾ, ಒಂದು ಲೋಟ ನೀರು.” ಅವಳು ಪ್ರತಿ ಸಲವೂ ಎದ್ದು ಹೋಗಿ ನಲ್ಲಿಯಿಂದ ತುಂಬಿಸಿ ತರುತ್ತಿದ್ದಳು. ಇಷ್ಟು ಜನ ಡಾಕ್ಟರುಗಳು ತಮ್ಮ ಕೈಯಾರೆ ನೀರು ಕುಡಿಸಲು ಬರುತ್ತಿದ್ದಾರಲ್ಲ, ಒಬ್ಬರ ಕೈಗುಣವಾದರೂ ಹತ್ತಬಾರದೇ ಎಂದು ಪಕ್ಕದ ವಾರ್ಡಿನವರ ಹತ್ತಿರ ಹೇಳಿಕೊಂಡಳಂತೆ.

ರೋಗಿಗೂ ಅದೇ ನಂಬಿಕೆ. ಈ ರೋಗ ಬುದ್ಧಿಯನ್ನು ಪೂರ್ತಿ ಕಸಿದುಕೊಳ್ಳುವುದಿಲ್ಲ, ನಡುನಡುವೆ ಮನುಷ್ಯ ಸರಿಯಾಗಿಯೇ ಮಾತಾಡುತ್ತಾನೆ. ಅದೇ ಅದರ ಕ್ರೂರತನ. ಯಾರು ಲೋಟ ತಂದರೂ ಅವನು ಕಷ್ಟಪಟ್ಟು ಎದ್ದು ಕೂತು, ಕೈ ಚಾಚಿ, ಪ್ರಯತ್ನ ಮಾಡುತ್ತಿದ್ದ. ಆಗದೆ ಹೋದ ಮೇಲೆ, ನಡುಕ ನಿಂತ ಮೇಲೆ, ಬೆವರು ಒರೆಸಿಕೊಂಡು, “ತಪ್ಪು ತಿಳಿಯಬೇಡಿ ಮಕ್ಕಳೇ, ಇಷ್ಟು ಪ್ರೀತಿಯಿಂದ ತಂದಿರಿ, ನನ್ನ ಗಂಟಲೇ ಸರಿಯಿಲ್ಲ,” ಎನ್ನುತ್ತಿದ್ದ. ಅವರು ತಲೆಯಾಡಿಸಿ ಹೊರಗೆ ಬಂದು ಪುಸ್ತಕ ತೆರೆದು ಗುರುತು ಹಾಕಿಕೊಳ್ಳುತ್ತಿದ್ದರು. ಎರಡು ದಿನದಲ್ಲಿ ಹನ್ನೊಂದು ಲೋಟ. ಹನ್ನೊಂದು ಸಲವೂ ಅವನೇ ಕ್ಷಮೆ ಕೇಳಿದ.

ನಮ್ಮ ವಿದ್ಯಾರ್ಥಿ ಎಲ್ಲ ಗುಂಪಿನ ಜೊತೆಗೂ ಒಳಗೆ ಹೋಗುತ್ತಿದ್ದ. ಅವನ ಕೇಸ್ ಅಲ್ಲವೇ, ತೋರಿಸುವ ಹಕ್ಕು ಅವನದು. ಎರಡನೆಯ ದಿನದ ಹೊತ್ತಿಗೆ ಹೆಂಡತಿ ನಿದ್ದೆಯಿಲ್ಲದೆ ಸೋತು ಬಾಗಿಲಿಗೆ ಒರಗಿ ಕಾಲು ಚಾಚಿ ಕೂತಿದ್ದಳು. ಬಲಪಾದದ ಮೇಲೆ ಜೋಳದ ಕಾಳಿನಷ್ಟು ದೊಡ್ಡ ಕಲೆಗಳು, ಎರಡು. ಹುಡುಗರು ಆ ಕಾಲನ್ನು ದಾಟಿಕೊಂಡು ಒಳಗೆ ಹೋದರು. ವಿದ್ಯಾರ್ಥಿ ಎಡವಿದ. “ಅಮ್ಮಾ, ಕಾಲು ಸ್ವಲ್ಪ ಮಡಚಿಕೊಳ್ಳಿ,” ಅಂದ. ಅವಳು ಮಡಚಿಕೊಂಡು ಸೆರಗು ಮುಚ್ಚಿಕೊಂಡಳು.

ಅಂದು ಮಧ್ಯಾಹ್ನ ಕಲಾಯಿಯವನು ಸತ್ತ. ಹೆಂಡತಿ ಗೋಳಾಡಲಿಲ್ಲ. ಅವನ ಕಂಬಳಿಯನ್ನು ಮಡಚಿಕೊಂಡು, ಎದುರಿಗೆ ಸಿಕ್ಕ ಡಾಕ್ಟರುಗಳಿಗೆಲ್ಲ ಕೈಮುಗಿದು, ಮೆಟ್ಟಿಲಿಳಿದು ಹೋದಳು. ಕೆಳಗೆ ಎಡಕ್ಕೆ ತಿರುಗಿದರೆ ಚುಚ್ಚುಮದ್ದಿನ ಕೋಣೆ. ಅವಳು ಬಲಕ್ಕೆ ತಿರುಗಿದಳು, ಗೇಟು ಇದ್ದದ್ದು ಆ ಕಡೆ.

ಮುಂದಿನ ವಾರ ಕಾಲೇಜಿನಲ್ಲಿ ವಿದ್ಯಾರ್ಥಿ ಆ ಕೇಸಿನ ಬಗ್ಗೆ ಎಲ್ಲರೆದುರು ಮಾತಾಡಿದ. ಫ್ಯಾನಿನ ಗಾಳಿಯಿಂದ ಹೇಗೆ ಹಿಡಿದೆ ಎಂದು ವಿವರಿಸಿದ. ಚಪ್ಪಾಳೆ ಬಿತ್ತು. ಹಿರಿಯರು ಅವನ ಕೇಸ್ ಶೀಟನ್ನು ತೆಗೆದಿರಿಸಿ, ಹೀಗೆ ಬರೆಯಬೇಕು ನೋಡಿ ಎಂದು ಕಿರಿಯರಿಗೆ ತೋರಿಸತೊಡಗಿದರು. ಕೂತಿದ್ದ ಅರವತ್ತು ಜನರಲ್ಲಿ ಒಬ್ಬರಿಗೂ ಆ ಒಂದು ಪ್ರಶ್ನೆ ಹೊಳೆಯಲಿಲ್ಲ. ಕಲಾಯಿಯವನ ಹೆಂಡತಿಗೆ ಆ ದಿನವೂ ಹೊತ್ತು ಮೀರಿರಲಿಲ್ಲ. ಅವಳು ಅದೇ ಊರಿನ ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬಳೇ ತಿದಿ ಒತ್ತಿಕೊಂಡು ಕೂತಿದ್ದಳು.

ಐದು ವಾರ ಕಳೆಯಿತು. ಒಂದು ಬೆಳಿಗ್ಗೆ ಸಿಸ್ಟರ್ ವಿದ್ಯಾರ್ಥಿಯನ್ನು ಕಂಡು, “ಕೊನೆಯ ಕೋಣೆಗೆ ಇನ್ನೊಂದು ಬಂದಿದೆ, ಹೋಗಿ ನೋಡಿ, ನಿಮಗೇ ಗೊತ್ತಲ್ಲ,” ಅಂದಳು. ಅವನು ಹೋದ. ಬಾಗಿಲಲ್ಲಿ ನೀರು ತರುವವರು ಯಾರೂ ಇರಲಿಲ್ಲ. ಆದ್ದರಿಂದ ಈ ಸಲ ನಲ್ಲಿಯ ಹತ್ತಿರ ತಾನೇ ಹೋಗಿ ತುಂಬಿಸಿಕೊಂಡ. ಒಳಗೆ ಹೋಗಿ ನೋಡಿದರೆ ಮಂಚದ ಮೇಲೆ ಅವಳು. ಅದೇ ಕಂಬಳಿ ಹೊದ್ದಿದ್ದಳು.

ಅವನು ಲೋಟವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಅವಳು ಅವನ ಗುರುತು ಹಿಡಿದಳು. ನಿಜವಾಗಿ ಕೇಳಬೇಕಾದ ಪ್ರಶ್ನೆಯನ್ನು ಅವನು ಆಗ ಕೇಳಿದ. ಅದು ಪಟ್ಟಿಯಲ್ಲಿ ಇರಲಿಲ್ಲ.

“ಅಮ್ಮಾ, ಆ ಮರಿ ನಿಮಗೂ ಕಚ್ಚಿತ್ತಾ?”

“ಹೂಂನಪ್ಪ, ಅವರಿಗೆ ಕಚ್ಚಿದ ದಿನವೇ, ಕಾಲಿಗೆ,” ಅಂದಳು ಅವಳು. ಕೋಪವಿಲ್ಲ, ದೂರಿಲ್ಲ. ಅವನಿಗೇ ಸಮಾಧಾನ ಹೇಳುವವಳ ಹಾಗೆ ಹೇಳಿದಳು, “ಆಗ ಎರಡು ದಿನವೂ ಇಲ್ಲೇ ಕೂತಿದ್ದೆ. ನೀವೆಲ್ಲ ನೀರು ಕೇಳಿದಿರಿ, ತಂದುಕೊಟ್ಟೆ. ಇದನ್ನು ಕೇಳಿದ್ದರೆ ಇದನ್ನೂ ಹೇಳುತ್ತಿದ್ದೆ.”

ಅವನು ಹಿರಿಯರ ಹತ್ತಿರ ಓಡಿದ. ಹಿರಿಯರು ಹಳೆಯ ಕೇಸ್ ಶೀಟನ್ನು ತರಿಸಿ ತಿರುವಿ ನೋಡಿದರು. ವಿಶೇಷವೇನಿಲ್ಲ ಎಂಬ ದುಂಡಗಿನ ಅಕ್ಷರ, ಕೆಳಗೆ ತಮ್ಮದೇ ಸಹಿ. ಬಹಳ ಹೊತ್ತು ನೋಡಿ ಮುಚ್ಚಿಟ್ಟರು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಅಷ್ಟು ಹಗುರವಾಗುತ್ತಿತ್ತು. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ನೋವು ಕಡಿಮೆಯಾಗಲು, ನಿದ್ದೆ ಬರಲು ಏನು ಕೊಡಬಹುದೋ ಅದನ್ನು ಕೊಟ್ಟರು. ಕೋಣೆಗೆ ಯಾರೂ ನೀರು ತರಬಾರದು ಎಂದು ಹಿರಿಯರು ಬಾಗಿಲಿಗೆ ಚೀಟಿ ಹಚ್ಚಿಸಿದರು. ವಿದ್ಯಾರ್ಥಿ ಆ ಬಾಗಿಲಲ್ಲಿ ಕೂತ. ಮೂರನೆಯ ದಿನ ಅವಳೂ ಹೋದಳು. ಹೆಣ ಒಯ್ಯಲು ಯಾರೂ ಬರಲಿಲ್ಲ.

ಡಾಕ್ಟರ್ ಕರಿಬಸಯ್ಯ ಕತೆ ನಿಲ್ಲಿಸಿದರು. ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಇಂದುಧರ ಧೈರ್ಯಮಾಡಿ ಕೇಳಿದ.

“ಆ ವಿದ್ಯಾರ್ಥಿ ನೀವೇನಾ, ಸರ್?”

“ಅವನು ಯಾರಾದರೇನು,” ಎಂದರು ಗುರುಗಳು. “ಬೆಳಿಗ್ಗೆ ನೀನು ನೋಡಿ ಬಂದೆಯಲ್ಲ, ಆ ಕೋಣೆಯ ಹೊರಗೆ ಯಾರು ಕೂತಿದ್ದಾರೆ?”